ಕಡಲು ಯಾವ ಕಚೇರಿಗೆ ಸೇರಿದ್ದು?

ಬರೆಯುವಾಗ ಹ್ಯಾಪಿಸ್‌ಬರ್ಗ್, ಬಾಯಲ್ಲಿ ‘ಹೇಜ್‌ಬ್ರ’. ಕುಂದಾಪುರವನ್ನು ಕುಂದಾಪ್ರ ಎನ್ನುತ್ತಲೇ ಬೆಳೆದ ನನಗೆ ಇದು ವಿಚಿತ್ರವೆನಿಸಲಿಲ್ಲ. ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ತ್ ನಾರ್ಫೋಕ್ ಜಿಲ್ಲೆಯ ಈ ಹಳ್ಳಿಯಲ್ಲಿ ಬೀಚ್ ರೋಡ್ ಎಂಬ ರಸ್ತೆಯಿದೆ. ಎರಡೂ ಬದಿಯ ಮನೆಗಳನ್ನು ದಾಟಿ ಬಂದು ದಿಬ್ಬದ ತುದಿಯಲ್ಲಿ ಥಟ್ಟನೆ ಮುರಿದುಹೋಗುತ್ತದೆ. ಡಾಂಬರಿನ ಅಂಚು ಇಲಿ ಕಡಿದ ರೊಟ್ಟಿಯಂತಿತ್ತು. ಅದರ ಕೆಳಗಿನ ಮಣ್ಣಿನಿಂದ ಯಾರದೋ ಮನೆಗೆ ನೀರು ಕೊಡುತ್ತಿದ್ದ ಪೈಪಿನ ತುಂಡು ಹೊರಚಾಚಿತ್ತು. ಫೋಟೊ ತೆಗೆದು ಮರವಂತೆಯಲ್ಲಿರುವ ಸೋದರಮಾವನಿಗೆ ಕಳುಹಿಸಿದೆ. ಅವರ ಮರುಪ್ರಶ್ನೆ ಒಂದೇ: “ಅಲ್ಲಿ ಕಲ್ಲು ಹಾಕುವವರು ಯಾರೂ ಇಲ್ಲವೇನೋ?”

ಮಾವನ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಾನು ಇಲ್ಲಿನ ಆಡಳಿತವನ್ನೇ ಓದಬೇಕಾಯಿತು.

ನಾನಿರುವುದು ಇದೇ ಜಿಲ್ಲೆಯ ನಾರ್ತ್ ವಾಲ್‌ಶಮ್ ಎಂಬ ಸಣ್ಣ ಪೇಟೆಯಲ್ಲಿ, ಕೆಲಸ ರೈಲಿನಲ್ಲಿ ಅರ್ಧ ಗಂಟೆ ದೂರದ ನಾರಿಚ್‌ನಲ್ಲಿ. ವರ್ಷಕ್ಕೊಮ್ಮೆ ಮನೆಗೆ ಕೌನ್ಸಿಲ್ ತೆರಿಗೆಯ ಬಿಲ್ಲು ಬರುತ್ತದೆ. ಕೌಂಟಿಗೆ (ಹಲವು ಡಿಸ್ಟ್ರಿಕ್ಟುಗಳ ಮೇಲಿನ ದೊಡ್ಡ ಘಟಕ, ನಮ್ಮದು ನಾರ್ಫೋಕ್) ಇಷ್ಟು, ಪೊಲೀಸರಿಗೆ ಇಷ್ಟು, ಡಿಸ್ಟ್ರಿಕ್ಟಿಗೆ ಇಷ್ಟು, ಪಟ್ಟಣ ಕೌನ್ಸಿಲಿಗೆ ಇಷ್ಟು ಎಂದು ಸಾಲುಸಾಲಾಗಿ ಬಿಡಿಸಿ ಬರೆದಿರುತ್ತಾರೆ. ರಸ್ತೆಯ ಗುಂಡಿ, ಶಾಲೆ, ಗ್ರಂಥಾಲಯ, ವೃದ್ಧರ ಆರೈಕೆ ಕೌಂಟಿಯವು. ಕಸ, ಮನೆ ಕಟ್ಟುವ ಪರವಾನಗಿ, ಮನೆಯಿಲ್ಲದವರ ಅಹವಾಲು ಡಿಸ್ಟ್ರಿಕ್ಟಿನವು. ಸ್ಮಶಾನ, ಕಲ್ಲುಬೆಂಚು, ಆಟದ ಬಯಲಿನಂಥವು ಪಟ್ಟಣ ಅಥವಾ ಪ್ಯಾರಿಷ್ (ಹಳ್ಳಿ) ಕೌನ್ಸಿಲಿನ ಪಾಲು. ತೆರಿಗೆ ವಸೂಲಿ ಮಾಡುವುದು ಮಾತ್ರ ಡಿಸ್ಟ್ರಿಕ್ಟ್. ಹಣದ ದೊಡ್ಡ ಭಾಗ ಕೌಂಟಿಗೆ ಹೋದರೂ ಬೈಗುಳ ತಿನ್ನುವುದು ಬಿಲ್ಲು ಕಳುಹಿಸಿದವರೇ. ಹೆಸರಿಗೆ ಡಿಸ್ಟ್ರಿಕ್ಟ್ ಆದರೂ ಗಾತ್ರ ನಮ್ಮ ಚಿಕ್ಕ ತಾಲ್ಲೂಕಿನಷ್ಟು: ಒಂದು ಲಕ್ಷಕ್ಕೆ ತುಸು ಮೇಲ್ಪಟ್ಟ ಜನ, ಚುನಾಯಿತ ಸದಸ್ಯರು 40, ಕಚೇರಿ ಕ್ರೋಮರ್‌ನಲ್ಲಿ. ಕ್ರೋಮರ್‌ನ ಏಡಿ ಹೆಸರುವಾಸಿ. 1901ರಲ್ಲಿ ತೆರೆದ ಕಡಲ ಕಟ್ಟೆ, ಅದರ ತುದಿಯ ನಾಟಕಶಾಲೆಯೂ ಈ ಡಿಸ್ಟ್ರಿಕ್ಟಿನ ಆಸ್ತಿ. ತಾಲ್ಲೂಕು ಪಂಚಾಯಿತಿಯೊಂದು ರಂಗಮಂದಿರವನ್ನು ಕಡಲ ಮೇಲೆ ಇಟ್ಟುಕೊಂಡ ಹಾಗೆ!

ಈ ಡಿಸ್ಟ್ರಿಕ್ಟ್ ಹುಟ್ಟಿದ್ದು 1974ರಲ್ಲಿ, ಕ್ರೋಮರ್, ಶೆರಿಂಗಮ್, ವೆಲ್ಸ್, ನಾರ್ತ್ ವಾಲ್‌ಶಮ್ ಪಟ್ಟಣಗಳನ್ನೂ ಸುತ್ತಲ ಹಳ್ಳಿಗಾಡನ್ನೂ ಒಟ್ಟುಗೂಡಿಸಿದಾಗ. ನಮ್ಮ ಮರವಂತೆಯೂ ಇದ್ದಲ್ಲೇ ಇದ್ದು ವಿಳಾಸ ಬದಲಿಸಿಕೊಂಡ ಊರು. ನಾನು ಹುಟ್ಟಿದಾಗ ದಕ್ಷಿಣ ಕನ್ನಡ ಜಿಲ್ಲೆ, ಕುಂದಾಪುರ ತಾಲ್ಲೂಕು. 1997ರಲ್ಲಿ ಉಡುಪಿ ಜಿಲ್ಲೆ. ಈಗ ಬೈಂದೂರು ತಾಲ್ಲೂಕು. ನಾವು ಒಡೆಯುತ್ತ ಹೋದರೆ ಇವರು ಕೂಡಿಸುತ್ತ ಹೋಗುತ್ತಾರೆ. ಕೌಂಟಿ, ಡಿಸ್ಟ್ರಿಕ್ಟ್ ಎಂಬ ಎರಡು ಅಂತಸ್ತು ಬೇಡ, ಒಂದೇ ಸಾಕು ಎಂದು 2024ರ ಡಿಸೆಂಬರ್‌ನಲ್ಲಿ ಸರ್ಕಾರ ಶ್ವೇತಪತ್ರ ಹೊರಡಿಸಿತು. ಆ ಗಡಿಬಿಡಿಯಲ್ಲಿ 2025ರ ಮೇ ತಿಂಗಳಲ್ಲಿ ನಡೆಯಬೇಕಿದ್ದ ನಾರ್ಫೋಕ್ ಕೌಂಟಿ ಚುನಾವಣೆಯನ್ನೇ ಮುಂದಕ್ಕೆ ಹಾಕಿದರು. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳನ್ನು ಚುನಾವಣೆಯಿಲ್ಲದೆ ವರ್ಷಗಟ್ಟಲೆ ನಡೆಸಿದ ನಾಡಿನವನು ನಾನು. ಈ ವಿದ್ಯೆ ನಮ್ಮ ಸ್ವಂತದ್ದು ಎಂದುಕೊಂಡಿದ್ದೆ.

ಕಡಲಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನೀರು ಉಕ್ಕಿ ಬಂದು ನೆಲ ಮುಳುಗಿದರೆ ಅದು ಕೇಂದ್ರದ ಪರಿಸರ ಏಜೆನ್ಸಿಯ ಕೆಲಸ. ಅದೇ ನೀರು ನೆಲವನ್ನು ಕೊರೆದು ಒಯ್ದರೆ 1949ರ ಕರಾವಳಿ ರಕ್ಷಣಾ ಕಾಯಿದೆಯ ಪ್ರಕಾರ ಡಿಸ್ಟ್ರಿಕ್ಟಿನ ಕೆಲಸ. ಹೇಜ್‌ಬ್ರದ ದಿಬ್ಬ ಬಂಡೆಯಲ್ಲ. ಹಿಮಯುಗ ಬಿಟ್ಟುಹೋದ ಜೇಡಿ ಮತ್ತು ಮರಳು. ಮುಂದಿನಿಂದ ಅಲೆ ಹೊಡೆದರೆ ಹಿಂದಿನಿಂದ ಮಳೆನೀರು ಇಳಿದು ಸಡಿಲಿಸುತ್ತದೆ. ದಶಕಗಳ ಹಿಂದೆ ಕಟ್ಟಿದ್ದ ಮರದ ತಡೆಗಳು 1990ರ ದಶಕದಲ್ಲಿ ಕಿತ್ತುಹೋದವು. ಪೂರ್ತಿಯಾಗಿ ಮತ್ತೆ ಕಟ್ಟಲಿಲ್ಲ. ಏಕೆಂದರೆ ಆ ಕಾಯಿದೆ ಡಿಸ್ಟ್ರಿಕ್ಟಿಗೆ ಕೊಟ್ಟಿರುವುದು ಅಧಿಕಾರ ಮಾತ್ರ, ಕರ್ತವ್ಯವಲ್ಲ. ತಡೆಗೋಡೆ ‘ಕಟ್ಟಬಹುದು’ ಎಂದಿದೆ, ‘ಕಟ್ಟಲೇಬೇಕು’ ಎಂದಿಲ್ಲ. ಆ ‘ಬಹುದು’ ಎಂಬ ಮೂರಕ್ಷರದ ಸಂದಿಯಲ್ಲಿ ಬೀಚ್ ರೋಡಿನ ಮನೆಗಳು ಒಂದೊಂದಾಗಿ ಜಾರಿದವು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯದು. ಕರಾವಳಿಯ ಪ್ರತಿ ತುಂಡಿಗೂ ಇಲ್ಲಿ ಒಂದು ಯೋಜನೆಯಿದೆ: 2025ರವರೆಗೆ ಏನು, 2055ರವರೆಗೆ ಏನು, 2105ರವರೆಗೆ ಏನು. ಕಡಲು ಎಲ್ಲಿಯವರೆಗೆ ಬಂದೀತು ಎಂದು ನಕ್ಷೆಯ ಮೇಲೆ ಗೆರೆ ಎಳೆದು, ಇಂಥ ಊರನ್ನು ಕಾಯುತ್ತೇವೆ, ಇಂಥದ್ದನ್ನು ಕಾಯಲಾರೆವು ಎಂದು ಬರೆದೇ ಇಟ್ಟಿದ್ದಾರೆ. ಯಾರು ಬೇಕಾದರೂ ನೋಡಬಹುದು. ಹೇಜ್‌ಬ್ರದ ಜನ ಸಿಡಿದೆದ್ದು ವರ್ಷಗಟ್ಟಲೆ ಹೋರಾಡಿದರು. ಹೋರಾಟ ಆ ಊರಿಗೆ ಹೊಸದಲ್ಲ. ದೀಪಸ್ತಂಭಗಳನ್ನು ನೋಡಿಕೊಳ್ಳುವ ಟ್ರಿನಿಟಿ ಹೌಸ್ ಸಂಸ್ಥೆಗೆ ಬೇಡವಾದ ದೀಪಸ್ತಂಭವನ್ನು 1990ರಲ್ಲಿ ತಾವೇ ವಹಿಸಿಕೊಂಡು ಇಂದಿಗೂ ಉರಿಸುತ್ತಿರುವವರು ಅವರು.

ಗೆರೆ ಎಳೆದವರ ಪ್ರಾಮಾಣಿಕತೆಯನ್ನು ಮೆಚ್ಚಬೇಕೆನ್ನುವಷ್ಟರಲ್ಲಿ ಅದರ ಇನ್ನೊಂದು ಮುಖ ಕಂಡಿತು. ಗೆರೆಯೊಳಗಿನ ಮನೆಯ ಬೆಲೆ ಕುಸಿಯುತ್ತದೆ. ಸಾಮಾನ್ಯ ಮನೆ ವಿಮೆ ಕಡಲ್ಕೊರೆತವನ್ನು ಹೊರಗಿಡುತ್ತದೆ. ಪರಿಹಾರ ಎಂಬುದು ಕಾನೂನಿನಲ್ಲೇ ಇಲ್ಲ. ಮನೆ ಬೀಳುವ ಮುನ್ನ ಕೆಡವುವ ಖರ್ಚು ಮಾಲೀಕನದೇ. ಅದಕ್ಕಾಗಿ 6,000 ಪೌಂಡಿನವರೆಗೆ ಅನುದಾನವಿದೆ. ಎಂದರೆ, ನಿಮ್ಮ ಮನೆಯನ್ನು ನೀವೇ ಕೆಡವಲು ಸರ್ಕಾರದ ಸಹಾಯಧನ! 2009ರಲ್ಲಿ ಒಮ್ಮೆ ಪ್ರಯೋಗವೆಂದು ಕೇಂದ್ರದಿಂದ ಹಣ ಬಂದಾಗ ಡಿಸ್ಟ್ರಿಕ್ಟ್ ಬೀಚ್ ರೋಡಿನ ಅಂಚಿನ ಕೆಲವು ಮನೆಗಳನ್ನು ಕೊಂಡು ಕೆಡವಿತು. ನಾನು ಕಂಡ ಒಳ್ಳೆಯ ಕೆಲಸ ಅದೊಂದೇ. ಹಣ ಮುಗಿಯಿತು, ಪ್ರಯೋಗವೂ ಮುಗಿಯಿತು.

ಕೆಲವೇ ಮೈಲಿ ವಾಯವ್ಯಕ್ಕೆ ಬ್ಯಾಕ್ಟನ್ ಇದೆ, ಅಲ್ಲಿ ಬ್ರಿಟನ್ನಿಗೆ ಅನಿಲ ತರುವ ದೊಡ್ಡ ಸ್ಥಾವರ. 2019ರಲ್ಲಿ ಅದರ ಮುಂದೆ 18 ಲಕ್ಷ ಘನ ಮೀಟರ್ ಮರಳನ್ನು ಕಡಲ ತಳದಿಂದ ಎತ್ತಿ ಸುರಿದರು. ಪಕ್ಕದ ಹಳ್ಳಿಗಳಿಗೂ ದಂಡೆ ಸಿಕ್ಕಿತು. ಡಚ್ಚರಿಂದ ಕಲಿತ ಉಪಾಯ, ಖರ್ಚಿನ ಬಹುಪಾಲು ಅನಿಲ ಕಂಪನಿಗಳದು. ತಪ್ಪೆನ್ನುತ್ತಿಲ್ಲ. ಕಾಯುವವರಿಗೆ ಎಲ್ಲಿ ಕಾಯಬೇಕೆಂಬುದು ಹೇಗೆ ಹೊಳೆಯುತ್ತದೆ ಎನ್ನುವುದನ್ನಷ್ಟೇ ಹೇಳುತ್ತಿದ್ದೇನೆ.

ನಮ್ಮಲ್ಲಿ ಹೇಗೆ? ಮಳೆಗಾಲ ಬಿರುಸಾದಾಗ ತೆಂಗಿನ ಮರ ಬುಡಸಮೇತ ಮಗುಚುತ್ತದೆ. ಟಿವಿಯವರು ಬರುತ್ತಾರೆ, ತಹಶೀಲ್ದಾರರು ಬರುತ್ತಾರೆ, ಉಸ್ತುವಾರಿ ಸಚಿವರು ಛತ್ರಿಯಡಿ ನಿಂತು ಶಾಶ್ವತ ಪರಿಹಾರದ ಭರವಸೆ ಕೊಡುತ್ತಾರೆ. ಟಿಪ್ಪರುಗಳಲ್ಲಿ ಬಂಡೆ ಬರುತ್ತದೆ. ಮುಂದಿನ ಆಷಾಢಕ್ಕೆ ಆ ಬಂಡೆ ಮರಳಿನಲ್ಲಿ ಹೂತಿರುತ್ತದೆ, ಮತ್ತೆ ಟಿಪ್ಪರು. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿಯ ದೆಸೆಯಿಂದ ನಮಗೆ ಕಲ್ಲು ತುಸು ಬೇಗ ಸಿಗುತ್ತದೆ. ಅದು ನಮ್ಮ ಬ್ಯಾಕ್ಟನ್.

ಆದರೂ ಟಿಪ್ಪರನ್ನು ಪೂರ್ತಿ ನಗೆಯಾಡಲು ನನಗೆ ಮನಸ್ಸಿಲ್ಲ. ಅದರ ಹಿಂದೆ ‘ಇವರನ್ನು ಹೀಗೇ ಬಿಡಬಾರದು’ ಎಂಬ ಒಂದು ದಾಕ್ಷಿಣ್ಯವಿದೆ, ಹೇಜ್‌ಬ್ರದವರಿಗೆ ಅದೂ ಸಿಗಲಿಲ್ಲ. ನಮ್ಮಲ್ಲಿ ಸಿಗದಿರುವುದು ಗೆರೆ. ಗೆರೆ ಇಲ್ಲವೆಂದಲ್ಲ, ಸರ್ವೆ ಆಫ್ ಇಂಡಿಯಾ ದೇಶದ ಇಡೀ ಕರಾವಳಿಗೆ ಅಪಾಯ ರೇಖೆ ಗುರುತಿಸಿದೆ. ಅದನ್ನು ಯಾವ ಗ್ರಾಮಸಭೆಯಲ್ಲೂ ಬಿಡಿಸಿಟ್ಟಿದ್ದನ್ನು ನಾನು ಕಂಡಿಲ್ಲ. ಗ್ರಾಮಸಭೆ ಎಂಬುದು ಕಾನೂನಿನಲ್ಲೇ ಇರುವ ನಾವು ಅಲ್ಲಿ ಈ ನಕ್ಷೆ ಹಾಸಿ, ಜತೆಗೆ ಮನೆ ಸ್ಥಳಾಂತರಕ್ಕೆ ಎಷ್ಟು ಹಣ, ಎಲ್ಲಿ ಜಾಗ ಎಂಬುದನ್ನೂ ಇಟ್ಟರೆ, ಇಂಗ್ಲೆಂಡಿನವರೇ ಬಂದು ನೋಡುವಂತಾದೀತು. ಹಣವಿಲ್ಲದೆ ಬರೀ ಗೆರೆ ತೋರಿಸುವುದಾದರೆ ಟಿಪ್ಪರೇ ಇರಲಿ.

ಇದನ್ನೆಲ್ಲ ಮಾವನಿಗೆ ಫೋನಿನಲ್ಲಿ ವಿವರಿಸಿದೆ. ಸಾವಧಾನವಾಗಿ ಕೇಳಿದರು. 2105ರ ಮಾತಿಗೆ ನಕ್ಕರು. ಕೊನೆಗೆ ದನಿ ತಗ್ಗಿಸಿ, “ನಮ್ಮ ಕಡೆಯದೂ ನಕ್ಷೆ ಇದೆ ಎಂದೆಯಲ್ಲ, ಕೆಳಗಿನ ತೋಟ ಅದರಲ್ಲಿ ಯಾವ ಕಡೆಗೆ ಬರುತ್ತದೆ ನೋಡಿ ಹೇಳು. ಅತ್ತೆಗೆ ಮಾತ್ರ ಹೇಳಬೇಡ” ಎಂದರು.