ದಾವೀದನ ಕುಂಚ ಅಳಿಸಿದ್ದು

ಪ್ರಾಚೀನ ಗ್ರೀಸ್, ರೋಮ್‌ಗಳ ಕಲೆಯನ್ನು ಮಾದರಿಯಾಗಿಟ್ಟುಕೊಂಡ ಫ್ರಾನ್ಸಿನ ನವಶಾಸ್ತ್ರೀಯ ಚಿತ್ರಕಲೆಯ ಮಾತು ಬಂದಾಗಲೆಲ್ಲ ಜಾಕ್-ಲೂಯಿ ದಾವೀದನ (1748–1825) ಸರಳತೆಯನ್ನು ಕೊಂಡಾಡುವುದು ವಾಡಿಕೆ. ರೊಕೊಕೊ ಶೈಲಿಯ ರೇಷ್ಮೆ ಲಂಗ, ಗುಲಾಬಿ ಮೋಡ, ಉಯ್ಯಾಲೆಗಳಿಗೆ ಒಗ್ಗಿದ್ದ ಪ್ಯಾರಿಸ್ಸಿನ ಜನ 1785ರಲ್ಲಿ, ರೋಮಿಗಾಗಿ ಹೋರಾಡಲು ಮೂವರು ಸೋದರರು ಆಣೆಯಿಡುವ ಅವನ ‘ಹೊರೇಷಿಯಸರ ಪ್ರತಿಜ್ಞೆ’ಯ ಮುಂದೆ ನಿಂತಾಗ ಕಂಡದ್ದು ಬೋಳು ಕಮಾನುಗಳು, ಮೂರು ಕತ್ತಿಗಳು ಮತ್ತು ಅವುಗಳತ್ತ ಚಾಚಿದ ಕೈಗಳು ಮಾತ್ರ. ಕಣ್ಣಿಗೆ ಅದೊಂದು ದೊಡ್ಡ ಬಿಡುಗಡೆಯಾಗಿರಬೇಕು, ಒಪ್ಪುತ್ತೇನೆ. ಆದರೆ ವರ್ಷಗಳಿಂದ ಅವನ ಚಿತ್ರಗಳನ್ನು ನೋಡುತ್ತಾ ಬಂದ ನನಗೆ ಆ ಸರಳತೆಯ ಮೇಲೆ ಪೂರ್ತಿ ನಂಬಿಕೆ ಹುಟ್ಟಿಲ್ಲ. ದಾವೀದನ ನಿಜವಾದ ಕಸುಬು ಇದ್ದದ್ದು ಏನನ್ನು ಬಿಡಬೇಕು ಎಂಬುದರಲ್ಲಿ.

‘ಮರಾನ ಸಾವು’ ಚಿತ್ರವನ್ನೇ ನೋಡಿ. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ ಪತ್ರಿಕೆಯಲ್ಲಿ ಶತ್ರುಗಳ ತಲೆ ಕೇಳುತ್ತಿದ್ದ ಕ್ರಾಂತಿಕಾರಿ ಮರಾ ವಿಕಾರವಾದ ಚರ್ಮರೋಗದಿಂದ ನರಳುತ್ತಿದ್ದ. ಉರಿ ತಾಳಲಾರದೆ ನೀರಿನ ತೊಟ್ಟಿಯಲ್ಲಿ ಕುಳಿತೇ ಬರೆಯುತ್ತಿದ್ದ. 1793ರ ಜುಲೈ 13ರಂದು ಅವನ ರಾಜಕೀಯ ವಿರೋಧಿ ಶಾರ್ಲೊಟ್ ಕೊರ್ಡೆ ಅಲ್ಲಿಯೇ ಅವನನ್ನು ಇರಿದು ಕೊಂದಳು. ಚಿತ್ರದಲ್ಲಿ ಆ ಚರ್ಮ ಅಮೃತಶಿಲೆಯಷ್ಟು ನುಣುಪಾಗಿದೆ, ಮುಖದಲ್ಲಿ ನಿದ್ದೆಯಂಥ ಶಾಂತಿಯಿದೆ. ಒರಟು ಮರದ ಪೆಟ್ಟಿಗೆಯ ಮೇಲೆ ಒಂದು ಚೀಟಿ, ಜೊತೆಗೆ ಕಾಗದದ ಹಣ: ಗಂಡನನ್ನು ದೇಶಕ್ಕಾಗಿ ಕಳೆದುಕೊಂಡ, ಐದು ಮಕ್ಕಳ ತಾಯಿಗೆ ಇದನ್ನು ಕೊಡಿ ಎಂದು ಆ ಚೀಟಿ ಹೇಳುತ್ತದೆ. ಚಿತ್ರದ ಮೇಲರ್ಧ ಏನೂ ಇಲ್ಲದ ಕತ್ತಲ ಗೋಡೆ. ಅದ್ಭುತವಾದ ಚಿತ್ರ, ಅಷ್ಟೇ ಜಾಣ ಪ್ರಚಾರ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಅರ್ಧ ಮಾತ್ರ ಹೇಳಿದಂತೆ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ 1788ರ ಲವಾಸಿಯೇ ದಂಪತಿಯ ಚಿತ್ರ. ನಾವು ಶಾಲೆಯಲ್ಲಿ ದ್ರವ್ಯ ಸಂರಕ್ಷಣೆಯ ನಿಯಮದ ಜೊತೆ ಹೆಸರು ಕಲಿತ ಅದೇ ಲವಾಸಿಯೇ. ಕೆಂಪು ಮಖಮಲ್ಲು ಹಾಸಿದ ಮೇಜು, ಅದರ ಮೇಲೂ ಕೆಳಗೂ ಗಾಜಿನ ಉಪಕರಣಗಳು, ಬರೆಯುವುದನ್ನು ನಿಲ್ಲಿಸಿ ಕತ್ತೆತ್ತಿ ಹೆಂಡತಿಯನ್ನು ನೋಡುತ್ತಿರುವ ವಿಜ್ಞಾನಿ. ಆ ಹೆಂಡತಿ ಮರಿ-ಆನ್ ದಾವೀದನ ಬಳಿಯೇ ಚಿತ್ರ ಕಲಿತವಳು. ಗಂಡನ ರಸಾಯನಶಾಸ್ತ್ರ ಗ್ರಂಥಕ್ಕೆ ಉಪಕರಣಗಳ ಚಿತ್ರ ಬಿಡಿಸಿದವಳೂ ಅವಳೇ. ಈಗ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅಲ್ಲಿನ ತಜ್ಞರು ಬಣ್ಣದ ಪದರಗಳ ಒಳಗನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಸಂಗತಿ ಇದು: ಮೊದಲು ಅವಳ ತಲೆಯ ಮೇಲೆ ಹೂವು, ರಿಬ್ಬನ್ನುಗಳ ದೊಡ್ಡ ಫ್ಯಾಷನ್ ಟೋಪಿ ಇತ್ತು, ಉಪಕರಣಗಳು ಇರಲೇ ಇಲ್ಲ. ಅಂದರೆ ಮೊದಲು ಬರೆದದ್ದು ಅರಸನ ಪರವಾಗಿ ತೆರಿಗೆ ವಸೂಲಿ ಮಾಡಿಸುವ ಗುತ್ತಿಗೆದಾರನೂ ಆಗಿದ್ದ ಲವಾಸಿಯೇಯನ್ನೂ ಅವನ ಸಿರಿವಂತ ಪತ್ನಿಯನ್ನೂ. ವಿಜ್ಞಾನದ ಜೋಡಿ ಅದರ ಮೇಲೆ ಬಂದದ್ದು.

1794ರ ಮೇ 8ರಂದು ಆ ತೆರಿಗೆ ಗುತ್ತಿಗೆಯ ಕಾರಣಕ್ಕೇ ಲವಾಸಿಯೇ ತಲೆ ಕಡಿಯುವ ಯಂತ್ರವಾದ ಗಿಲಟಿನ್‌ಗೆ ಬಲಿಯಾದ. ಬಣ್ಣದಲ್ಲಿ ಮುಚ್ಚಿದ್ದು ಬದುಕಿನಲ್ಲಿ ಮುಚ್ಚಿಹೋಗಲಿಲ್ಲ. ಅರಸನ ಮರಣದಂಡನೆಗೆ ಮತ ಹಾಕಿದ್ದ ದಾವೀದ್ ಆಗ ಕ್ರಾಂತಿ ಸರ್ಕಾರದ ಭದ್ರತಾ ಸಮಿತಿಯ ಸದಸ್ಯನಾಗಿ ಬಂಧನದ ಆದೇಶಗಳಿಗೆ ಸಹಿ ಹಾಕುತ್ತಿದ್ದ. ಕ್ರಾಂತಿಯ ಕಠೋರ ನಾಯಕ ರೋಬೆಸ್ಪಿಯರ್ ಅಧಿಕಾರದಿಂದ ಬಿದ್ದ ಮೇಲೆ ತಾನೂ ಸೆರೆಮನೆ ಕಂಡ. ಮುಂದೆ ಹೇಸರಗತ್ತೆಯ ಮೇಲೆ ಆಲ್ಪ್ಸ್ ದಾಟಿದ ನೆಪೋಲಿಯನ್ನನನ್ನು ನೆಗೆಯುವ ಕುದುರೆಯ ಮೇಲೆ ಕೂರಿಸಿದ. ಕತ್ತೆ ಹೋಗಿ ಕುದುರೆಯಾಯಿತು, ಒಡೆಯ ಬದಲಾಗಿದ್ದ, ಅಷ್ಟೆ.

ಇಷ್ಟೆಲ್ಲದರ ನಡುವೆ ಅಂಗೈಯಗಲದ ಒಂದು ಹಾಳೆಯನ್ನು ಮಾತ್ರ ನಾನು ಪೂರ್ತಿ ನಂಬುತ್ತೇನೆ. 1793ರ ಅಕ್ಟೋಬರ್ 16ರಂದು ವಧಾಸ್ಥಾನಕ್ಕೆ ಬಂಡಿಯಲ್ಲಿ ಹೊರಟ ರಾಣಿ ಮರಿ ಆಂತ್ವನೆತ್‌ಳನ್ನು ಅವನು ಮಸಿಯಲ್ಲಿ ಗೀಚಿಕೊಂಡದ್ದು. ಅವಳ ಬಗ್ಗೆ ಅವನಿಗೆ ಕನಿಕರವಿರಲಿಲ್ಲ. ಅಂದವಾಗಿ ಕಾಣಿಸುವ ಗರಜೂ ಇರಲಿಲ್ಲ. ಮೋಟಾಗಿ ಕತ್ತರಿಸಿದ ಕೂದಲು, ಕೆಳಗೆ ಜಗ್ಗಿದ ತುಟಿ, ಬೆನ್ನ ಹಿಂದೆ ಕಟ್ಟಿದ ಕೈಗಳು, ಆದರೂ ಎಲ್ಲಿಯೂ ಬಾಗದ ಬೆನ್ನು.