‘ರೇಜರ್‌ಬ್ಯಾಕ್’ ಹಂದಿ ನಿಜವಾಗಿ ಇತ್ತಾ?

“ಆಸ್ಟ್ರೇಲಿಯಾದಲ್ಲಿ ಮಗುವನ್ನು ಹೊತ್ತೊಯ್ದ ದೈತ್ಯ ಕಾಡುಹಂದಿ, ನಿಜ ಘಟನೆ” ಎಂಬ ಒಕ್ಕಣೆಯೊಂದಿಗೆ 1984ರ ಹಾರರ್ ಚಿತ್ರ ‘ರೇಜರ್‌ಬ್ಯಾಕ್’ ಬಗ್ಗೆ ಫಾರ್ವರ್ಡ್ ಬಂದರೆ ನಂಬಬೇಡಿ. ಅದು ಪೀಟರ್ ಬ್ರೆನನ್ ಕಾದಂಬರಿ ಆಧರಿಸಿದ ಕಟ್ಟುಕಥೆ. ರಸೆಲ್ ಮಲ್ಕಾಹಿ ನಿರ್ದೇಶನದ ಚಿತ್ರದಲ್ಲಿ ಕಾಣುವ ಹಂದಿ ಯಂತ್ರದ ಗೊಂಬೆ. ಅದನ್ನು ಪೂರ್ತಿಯಾಗಿ ತೋರಿಸುವುದೂ ಕಡಿಮೆ. ಹೆದರಿಕೆ ಜಾಸ್ತಿ ಆಗೋದು ಅದರಿಂದಲೇ ಅಲ್ವಾ!

ಗೊಂದಲಕ್ಕೂ ಒಂದು ಕಾರಣವಿದೆ. ಚಿತ್ರದ ಆರಂಭದಲ್ಲಿ ಹಂದಿ ಮಗುವನ್ನು ಒಯ್ಯುತ್ತದೆ, ಆರೋಪ ಅಜ್ಜನ ಮೇಲೆ ಬೀಳುತ್ತದೆ. ಇದನ್ನು ಕಂಡರೆ ಅಜೇರಿಯಾ ಚೇಂಬರ್ಲೇನ್ ಪ್ರಕರಣ ನೆನಪಾಗುತ್ತದೆ. 1980ರಲ್ಲಿ ಉಲುರು ಬಂಡೆಯ ಹತ್ತಿರ ಆ ಹಸುಗೂಸು ಕಾಣೆಯಾಯಿತು. ಡಿಂಗೊ ಎಂಬ ಕಾಡುನಾಯಿ ಒಯ್ದಿತು ಎಂದು ತಾಯಿ ಹೇಳಿದರೂ ಕೋರ್ಟ್ ನಂಬಲಿಲ್ಲ. 1982ರಲ್ಲಿ ಅವರಿಗೇ ಜೀವಾವಧಿ ಶಿಕ್ಷೆ ಆಯಿತು. ಡಿಂಗೊ ಗುಹೆಗಳಿದ್ದ ಕಡೆ ಮಗುವಿನ ಅಂಗಿ ಸಿಕ್ಕ ಮೇಲೆ, 1986ರಲ್ಲಿ ಬಿಡುಗಡೆಯಾದರು. ಸಾವಿಗೆ ಡಿಂಗೊ ಕಾರಣ ಎಂದು ಅಧಿಕೃತವಾಗಿ ದಾಖಲಾಗಿದ್ದು 2012ರಲ್ಲಿ. ಅಲ್ಲಿ ಹಂದಿಯ ಮಾತೇ ಇರಲಿಲ್ಲ.

ಆಸ್ಟ್ರೇಲಿಯಾದಲ್ಲಿ ಕಾಡುಹಂದಿಗಳಿರುವುದು ನಿಜ. ಯುರೋಪಿಯನ್ನರು ತಂದ ಸಾಕುಹಂದಿಗಳು ತಪ್ಪಿಸಿಕೊಂಡು ಹೆಚ್ಚಿದವು. ಅವು ಬೆಳೆ ಹಾಳು ಮಾಡುತ್ತವೆ, ಕುರಿಮರಿಗಳನ್ನೂ ತಿನ್ನುತ್ತವೆ. ಆದರೆ ಮನೆಯ ಗೋಡೆ ಒಡೆದು ನುಗ್ಗುವ ಗಾತ್ರ ಸಿನಿಮಾದ್ದು.