ಒಂದೇ ಕುಟುಂಬ, ಟಾಯ್ಲೆಟ್ಟಿಗೆ ಮಾತ್ರ ಟೋಕನ್

ನಮ್ಮ ಹಾಸನದಲ್ಲಿ ಸಂಘ ಇಲ್ಲದವರು ಯಾರಿದ್ದಾರೆ ಹೇಳಿ. ಕಾಫಿ ಬೆಳೆಗಾರರಿಗೆ ಇದೆ. ವರ್ತಕರಿಗೆ, ಹೋಟೆಲ್ ಮಾಲೀಕರಿಗೆ, ಕಂಟ್ರಾಕ್ಟರುಗಳಿಗೆ ಇದೆ. ಜಾತಿಗೊಂದು ಸಂಘ, ಒಳಪಂಗಡಕ್ಕೊಂದು ಸಂಘ, ಆ ಸಂಘ ಒಡೆದು ಮತ್ತೊಂದು ಸಂಘ. ಬೆಳಿಗ್ಗೆ ಪಾರ್ಕಿನಲ್ಲಿ ನಿಂತು ಹಹ್ಹಹ್ಹಾ ಅಂತ ನಗೋದಕ್ಕೂ ಒಂದು ಸಂಘ. ಅದಕ್ಕೆ ಅಧ್ಯಕ್ಷರಿದ್ದಾರೆ, ಖಜಾಂಚಿಯೂ ಇದ್ದಾರೆ. ನಗೋದಕ್ಕೆ ಖಜಾಂಚಿ ಯಾಕೆ ಅಂತ ನಾನು ಕೇಳಲು ಹೋಗಿಲ್ಲ.

ಮೊನ್ನೆ ಪರಿಚಯದ ಸಾಹುಕಾರರೊಬ್ಬರು ಬಿ.ಎಂ. ರಸ್ತೆಯಲ್ಲಿ ಸಿಕ್ಕರು. ಸಕಲೇಶಪುರದ ಕಡೆ ತೋಟ, ಊರಲ್ಲಿ ಎರಡು ಕಟ್ಟಡ. ಬೆಳೆಗಾರರ ಸಭೆ ಮುಗಿಸಿ ವರ್ತಕರ ಸಂಘದ ಊಟಕ್ಕೆ ಹೊರಟಿದ್ದರು. ಸಂಜೆ ಜಾತಿ ಸಂಘದ ಚುನಾವಣೆ ಮಾತುಕತೆ ಬೇರೆ ಇತ್ತಂತೆ. ಕಾರಿನ ಬಾಗಿಲು ಹಿಡಿದುಕೊಂಡೇ ಹೇಳಿದರು: "ಈ ಲೇಬರ್‌ಗಳು ಸಂಘ ಗಿಂಘ ಅಂತ ಶುರು ಹಚ್ಕೊಂಡ್ರೆ ಊರು ಹಾಳಾಗುತ್ತೆ ಕಣ್ರೀ. ಸಂಘ ಕಟ್ಕೊಂಡು ಯಾರು ಉದ್ಧಾರ ಆಗಿದ್ದಾರೆ?"

ನಾನು ಅವರ ಕಾರು ನೋಡಿದೆ. ಅವರೂ ನೋಡಿಕೊಂಡರು. ಆಮೇಲೆ ಇಬ್ಬರೂ ಮಳೆ ಬಗ್ಗೆ ಮಾತಾಡಿದೆವು.

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಗಾರ್ಮೆಂಟ್ಸ್‌ನಲ್ಲಿ ಟೇಲರ್. ಹನ್ನೊಂದು ವರ್ಷದಿಂದ ಕಾಲರ್ ಕೂರಿಸುತ್ತಿದ್ದಾರೆ. ಮಂಗಳವಾರ ಸಂಜೆ ಅವರ ಮನೆ ಜಗಲಿಯಲ್ಲಿ ಸ್ತ್ರೀಶಕ್ತಿ ಸಂಘ ಸೇರುತ್ತದೆ. 2000ರ ಹೊತ್ತಿನಿಂದ ಸರ್ಕಾರವೇ ಊರೂರಲ್ಲಿ ಕಟ್ಟಿಸಿದ ಸಂಘಗಳು, ಗೊತ್ತಲ್ಲ. ಒಂದು ಚಾಪೆ, ಹದಿನೈದು ಹೆಂಗಸರು, ಒಂದು ರಿಜಿಸ್ಟರ್, ಒಂದು ಮೊರ ಕಡಲೆಪುರಿ. ಕಂತು ಎಷ್ಟು, ಬಡ್ಡಿ ಎಷ್ಟು, ಯಾರದ್ದು ಬಾಕಿ. ಮಹಿಳಾ ದಿನಾಚರಣೆಯಲ್ಲಿ ಅವರ ಫ್ಯಾಕ್ಟರಿ ಮ್ಯಾನೇಜರ್ ಸಾಹೇಬರೇ ಮೈಕ್ ಹಿಡಿದು ಇದನ್ನು ಹೊಗಳಿದ್ದರು. ಹೆಣ್ಮಕ್ಕಳು ಹೀಗೆ ಒಟ್ಟಾಗಬೇಕು, ಲೆಕ್ಕ ಕಲಿಯಬೇಕು, ಇದೇ ಸಬಲೀಕರಣ ಅಂತ.

ಒಂದು ಭಾನುವಾರ ಅದೇ ಚಾಪೆ ಹಾಸಿದರು. ಅದೇ ಹೆಂಗಸರು, ಅದೇ ಕಡಲೆಪುರಿ. ರಿಜಿಸ್ಟರ್ ಮಾತ್ರ ಹೊಸದು. ಅದರಲ್ಲಿ ಓವರ್‌ಟೈಮ್ ಲೆಕ್ಕ. ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಈಗಿನ ಹೊಸ ಕಾರ್ಮಿಕ ಸಂಹಿತೆಯಲ್ಲೂ ಎರಡು ಪಟ್ಟೇ. ಅಕ್ಕನ ಸಂಬಳದ ಚೀಟಿಯಲ್ಲಿ ಮಾತ್ರ ಒಂದೇ ಪಟ್ಟು, ಅದೂ ನೆನಪಾದ ತಿಂಗಳು.

ಸೋಮವಾರ ಬೆಳಿಗ್ಗೆಯೇ ಆಫೀಸಿಗೆ ಕರೆ ಬಂತು.

"ಏನಮ್ಮಾ, ಮನೇಲಿ ಮೀಟಿಂಗ್ ಮಾಡಿದ್ರಂತೆ?"

"ಹೂಂ ಸಾರ್, ಸಂಘದ್ದು. ಲೆಕ್ಕ ನೋಡ್ತಿದ್ವಿ."

"ಯಾರ ಲೆಕ್ಕ?"

"ನಮ್ದೇ ಸಾರ್. ನಿಮ್ಮ ಕಡೆ ಬಾಕಿ ಇರೋದು."

ಅಲ್ಲಿಗೆ ಸಬಲೀಕರಣ ಮುಗಿದು ಪ್ರಚೋದನೆ ಶುರುವಾಯಿತು. ಮ್ಯಾನೇಜರ್ ಧ್ವನಿ ತಗ್ಗಿಸಿ ಮೇಜಿನ ಮೇಲೆ ಬಾಗಿದರಂತೆ. "ನಾವೆಲ್ಲ ಒಂದೇ ಕುಟುಂಬ ಅಲ್ವೇನಮ್ಮಾ? ನೀನು ನಮ್ಮ ಮನೆಮಗಳಿದ್ದ ಹಾಗೆ."

ಮನೆಮಗಳು ಅಂದಾಗ ನನಗೆ ಕಾನೂನು ನೆನಪಾಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಅಂತ ಕರ್ನಾಟಕ 1994ರಲ್ಲೇ ಜಾರಿ ಮಾಡಿತು, ದೇಶಕ್ಕೆಲ್ಲ 2005ರಲ್ಲಿ ಬಂತು. ಪಾಪ, ಅಕ್ಕ ಪಾಲು ಕೇಳಿರಲಿಲ್ಲ. ಎರಡು ಗಂಟೆ ಓವರ್‌ಟೈಮ್ ಕೇಳಿದ್ದರು ಅಷ್ಟೆ.

ಈ ಕುಟುಂಬದ ಪದ್ಧತಿಗಳೇ ಬೇರೆ. ಟಾಯ್ಲೆಟ್ಟಿಗೆ ಹೋಗಬೇಕಾದರೆ ಟೋಕನ್ ತಗೋಬೇಕು. ಎಂಬತ್ತು ಜನರ ಲೈನಿಗೆ ಎರಡೇ ಟೋಕನ್. ತಗಡಿನ ಬಿಲ್ಲೆ, ಕೆಂಪು ದಾರ. ಸೂಪರ್‌ವೈಸರ್ ಮೇಜಿನ ಹಿಂದೆ ಒಂದು ಮೊಳೆಗೆ ನೇತಾಡುತ್ತಿರುತ್ತದೆ, ಅಂದರೆ ನೇತಾಡುವುದು ಅಪರೂಪ. ಕೈಗೆ ಸಿಕ್ಕಾಗ ಬಿಸಿಯಾಗಿರುತ್ತದಂತೆ, ಹಿಂದಿನವಳು ಅಷ್ಟು ಬಿಗಿಯಾಗಿ ಹಿಡಿದಿರುತ್ತಾಳೆ. ಅದಕ್ಕೇ ಅಕ್ಕ ಬೆಳಿಗ್ಗೆ ಹತ್ತರ ಮೇಲೆ ನೀರು ಕುಡಿಯುತ್ತಿರಲಿಲ್ಲ. ಬಾಟಲಿ ತುಂಬಿಕೊಂಡು ಹೋಗಿ, ಸಂಜೆ ತುಂಬಿದ ಬಾಟಲಿ ವಾಪಸ್ ತಂದು ತುಳಸಿಗೆ ಸುರಿಯುತ್ತಿದ್ದರು. ನಮ್ಮ ಬೀದಿಯಲ್ಲಿ ಅವರ ಮನೆ ತುಳಸಿಯಷ್ಟು ಹುಲುಸಾದ ತುಳಸಿ ಇನ್ನೊಂದಿಲ್ಲ.

ದೂರು ಹೇಳಲು ಜಾಗ ಇಲ್ಲ ಅಂತಲ್ಲ. ಗೇಟಿನ ಹತ್ತಿರ ಸಲಹಾ ಪೆಟ್ಟಿಗೆ ಇದೆ, ಬೀಗ ಸಮೇತ. ಹಾಸನಾಂಬೆಯ ಗರ್ಭಗುಡಿ ವರ್ಷಕ್ಕೊಮ್ಮೆ ತೆರೆದಾಗ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆ, ಮುಡಿಸಿದ ಹೂವು ಬಾಡಿರುವುದಿಲ್ಲ ಅಂತ ನಮ್ಮವರ ನಂಬಿಕೆ. ಪೆಟ್ಟಿಗೆಯದ್ದೂ ಅದೇ ಮಹಿಮೆ. ಆಡಿಟ್‌ನವರು ಬರುವ ಹಿಂದಿನ ದಿನ ಬಾಗಿಲು ತೆಗೆದರೆ ಹೋದ ವರ್ಷ ಹಾಕಿದ ದೂರು ಹಾಗೇ ತಾಜಾ ಇರುತ್ತದೆ. ಯಾರ ಕೈಯೂ ಸೋಕಿರುವುದಿಲ್ಲ.

"ಸರಿ, ನಿಮ್ಮ ತಲೆ ಕೆಡಿಸಿದ ಹೊರಗಿನವರು ಯಾರು?" ಅಂತಲೂ ಮ್ಯಾನೇಜರ್ ಅಕ್ಕನನ್ನು ಕೇಳಿದರಂತೆ. ಹೊಲಿಗೆ ಮೆಷಿನ್ ಜಪಾನಿನದು. ಅಂಗಿ ಹೋಗುವುದು ವಿದೇಶಕ್ಕೆ. ಮಾಲೀಕರನ್ನು ಇಲ್ಲಿ ಯಾರೂ ಕಣ್ಣಾರೆ ಕಂಡಿಲ್ಲ. ಇಡೀ ಫ್ಯಾಕ್ಟರಿಯಲ್ಲಿ ಒಳಗಿನವರು ಅಂತ ಇದ್ದರೆ ಆಲೂರು, ಹೊಳೆನರಸೀಪುರದ ಹಳ್ಳಿಗಳಿಂದ ಬರುವ ಈ ಹೆಂಗಸರೇ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಪೂರ್ತಿ ತೆಗೆಯಬೇಕಾದರೆ 58 ತುಂಬಬೇಕು ಅನ್ನೋ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗೆ ಇಳಿದರಲ್ಲ, ಆಗಲೂ ಎಲ್ಲರಿಗೂ ಇದೇ ತಲೆನೋವು: ಇವರ ಲೀಡರ್ ಯಾರು? ಎರಡು ದಿನದಲ್ಲಿ ನಿಯಮವೇ ವಾಪಸ್ ಹೋಯಿತು. ಲೀಡರ್ ಹುಡುಕಾಟ ಮಾತ್ರ ಮುಗಿದಿಲ್ಲ ಅಂತ ಕಾಣುತ್ತದೆ.

ತೋಟದ ಕಡೆ ಕಥೆ ಇನ್ನೂ ಹಳೆಯದು. ಐವತ್ತು ಹೆಂಗಸರು ಕೆಲಸಕ್ಕಿದ್ದರೆ ಕೂಸಿನ ಮನೆ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ನಾನು ಒಮ್ಮೆ ಕಂಡ ಹಾಜರಿ ಪುಸ್ತಕದಲ್ಲಿ ಹೆಂಗಸರ ಲೆಕ್ಕ 49ಕ್ಕೆ ನಿಂತಿತ್ತು. ಐವತ್ತನೆಯವಳು ಎದುರಿಗೇ ಹಣ್ಣು ಕುಯ್ಯುತ್ತಿದ್ದಳು, ಬೆನ್ನಿಗೆ ಕೂಸು ಕಟ್ಟಿಕೊಂಡು. ಸಂಜೆ ತೂಕಕ್ಕೆ ನಿಂತರೆ ತೋಟದ ಲೆಕ್ಕ ಬರೆಯುವ ರೈಟರು ಚೀಲದ ತೂಕ ಅಂತ ಎರಡು ಕೆಜಿ ಕಳೆದ. ಖಾಲಿ ಚೀಲ ತೂಗಿ ನೋಡೋಣ ಅಂದರೆ ತಕ್ಕಡಿ ಆಗಲೇ ಕೆಟ್ಟಿತ್ತು.

ಐವತ್ತು ಅನ್ನೋ ಸಂಖ್ಯೆಗೂ ದುಡಿಯುವವರಿಗೂ ಏನೋ ಋಣಾನುಬಂಧ. 2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಅಂತ ಒಂದಿದೆ. ಅದರ ಪ್ರಕಾರ ಶೇ 50 ಅಥವಾ ಅದಕ್ಕಿಂತ ಜಾಸ್ತಿ ಜನ ಮಾತಾಡಿಕೊಂಡು ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರವೇ. ಅಂದರೆ ನೂರು ಜನರಲ್ಲಿ 49 ಜನ ಹಾಸನಾಂಬೆ ದರ್ಶನಕ್ಕೆ ಹೋದರೆ ಭಕ್ತಿ. "ತಡೀರೇ, ನಾನೂ ಬಂದೆ" ಅಂತ ಇನ್ನೊಬ್ಬಳು ಆಟೋ ಹತ್ತಿದಳೋ, ಅಷ್ಟೂ ಜನ ಮುಷ್ಕರನಿರತರು. ಮುಷ್ಕರ ಮಾಡಬೇಕಾದರೆ 14 ದಿನ ಮುಂಚೆ ನೋಟಿಸ್ ಕೊಡಬೇಕು. ಅಷ್ಟರಲ್ಲಿ ಅಧಿಕಾರಿ ಸಂಧಾನಕ್ಕೆ ಕೂರಿಸಿದರೆ ಅದು ಮುಗಿಯುವ ತನಕ ಮುಷ್ಕರ ಮಾಡುವಂತಿಲ್ಲ. ಮುಗಿದ ಮೇಲೂ ಏಳು ದಿನ ಸುಮ್ನೆ ಇರಬೇಕು. ನಮ್ಮ ಅಜ್ಜಿ ಸಿಟ್ಟು ಬಂದಾಗ ನೂರರ ತನಕ ಎಣಿಸು ಅನ್ನುತ್ತಿದ್ದಳು. ಸರ್ಕಾರದ ಮುಂದೆ ಅಜ್ಜಿ ಏನೇನೂ ಅಲ್ಲ.

ಅಕ್ಕ ಇದನ್ನೆಲ್ಲ ಓದಿಲ್ಲ. ಅವರು ಮಾಡಿದ್ದು ಬೇರೆ. ಫ್ಯಾಕ್ಟರಿ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಪ್ರಯಾಣ. ದಿನಕ್ಕೊಬ್ಬರ ಪಕ್ಕ ಕೂತು ಒಂದೇ ಪ್ರಶ್ನೆ: "ನಿಮ್ಮ ಸಾಲಲ್ಲಿ ಯಾರಿಗಾದ್ರೂ ಕಷ್ಟ ಬಂದ್ರೆ ಮೊದಲು ಯಾರ ಹತ್ರ ಹೋಗ್ತಾರೆ?" ಜೋರು ಬಾಯಿಯವರ ಹೆಸರು ಬರಲಿಲ್ಲ. ಮೂಲೆಯಲ್ಲಿ ಗುಂಡಿ ಹಾಕುವ ಒಬ್ಬಳ ಹೆಸರು, ಚೆಕ್ಕಿಂಗ್‌ನ ಒಬ್ಬ ವಯಸ್ಸಾದವರ ಹೆಸರು ಮತ್ತೆ ಮತ್ತೆ ಬಂತು. ಏಳು ಹೆಸರಾಯಿತು. ಯೂನಿಯನ್ ನೋಂದಣಿಗೆ ಅರ್ಜಿ ಹಾಕಲು ಸಹಿ ಬೇಕಿರುವುದೂ ಏಳು ಜನರದ್ದೇ, ಜೊತೆಗೆ ಹತ್ತರಲ್ಲೊಂದು ಪಾಲು ಅಥವಾ ನೂರು ಜನ ಸದಸ್ಯರಿರಬೇಕು, ಯಾವುದು ಕಮ್ಮಿಯೋ ಅದು. ಬಾಬಾ ಬುಡನ್ ಬಚ್ಚಿಟ್ಟು ತಂದರು ಅನ್ನೋ ಕಾಫಿ ಬೀಜವೂ ಏಳೇ ಅಲ್ವಾ.

ಬಸ್ಸಿನಲ್ಲಿ ಏನೋ ಗುಸುಗುಸು ನಡೀತಿದೆ ಅಂತ ಆಫೀಸಿಗೆ ವಾಸನೆ ಬಡಿಯಿತು. ಮಾರನೇ ದಿನದಿಂದ ಡ್ರೈವರು ಸಿನಿಮಾ ಹಾಡು ಜೋರಾಗಿ ಹಾಕತೊಡಗಿದ. ಕಿವಿ ತೂತು ಬೀಳುವ ಹಾಗೆ. ಪಾಪ, ಅವರಿಗೆ ಒಂದು ವಿಷಯ ಹೊಳೆದಿರಲಿಲ್ಲ. ಮುನ್ನೂರು ಮೆಷಿನ್ ಗದ್ದಲದಲ್ಲಿ ವರ್ಷಗಟ್ಟಲೆ ದುಡಿದ ಹೆಂಗಸರಿಗೆ ಮಾತಾಡಲು ಶಬ್ದ ಬೇಕಿಲ್ಲ. ಹುಬ್ಬು ಎತ್ತಿದರೆ ಒಂದು, ಬೆರಳು ಮಡಚಿದರೆ ಇನ್ನೊಂದು. ಆಲೂರಿನಿಂದ ಗೇಟಿನ ತನಕ ಹಾಡು ಮೊಳಗುತ್ತಿತ್ತು. ಅದರ ಅಡಿಯಲ್ಲಿ ಎಲ್ಲ ತೀರ್ಮಾನ ಆಗುತ್ತಿತ್ತು.

ಓವರ್‌ಟೈಮ್ ಆಮೇಲೆ, ಮೊದಲು ಟೋಕನ್ ಅಂತ ಗೊತ್ತುಮಾಡಿಕೊಂಡರು. ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕ ಎದ್ದು ಹೋಗಿ ಮೊಳೆಯ ಮುಂದೆ ನಿಂತರು. ಅವರ ಹಿಂದೆ ಗುಂಡಿಯವಳು. ಅವಳ ಹಿಂದೆ ಇನ್ನೊಬ್ಬಳು. ಎಂಬತ್ತು ಜನವೂ ಸಾಲಾಗಿ ನಿಂತರು. ಘೋಷಣೆ ಇಲ್ಲ, ಬಾವುಟ ಇಲ್ಲ. ದೇವಸ್ಥಾನದ ಕ್ಯೂನಲ್ಲಿ ನಿಂತ ಹಾಗೆ ಸುಮ್ನೆ ನಿಂತರು. ಮೆಷಿನ್ ಎಲ್ಲ ನಿಂತು, ಫ್ಯಾನಿನ ಸದ್ದು ಮೊದಲ ಸಲ ಕೇಳಿಸಿತಂತೆ.

ಸೂಪರ್‌ವೈಸರ್ ಓಡಿದ, ಮ್ಯಾನೇಜರ್ ಓಡಿ ಬಂದರು. ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದರು.

"ಏನ್ರೀ ಇದು? ಎಲ್ಲರಿಗೂ ಒಂದೇ ಸಲ ಅರ್ಜೆಂಟ್ ಆಗುತ್ತಾ?"

"ಒಂದೇ ಕುಟುಂಬ ಅಲ್ವಾ ಸಾರ್" ಅಂದರು ಅಕ್ಕ.

ಮಧ್ಯಾಹ್ನ ಊಟದ ಬೆಲ್ ಹೊಡೆಯುವ ಹೊತ್ತಿಗೆ ಟೋಕನ್ ಎರಡೂ ಕಾಣೆಯಾಗಿದ್ದವು. ಓವರ್‌ಟೈಮ್ ಮಾತು ಇನ್ನೂ ನಡೆಯುತ್ತಿದೆ. ಮೊಳೆ ಮಾತ್ರ ಗೋಡೆಯಲ್ಲಿ ಹಾಗೇ ಇದೆಯಂತೆ. ಅಕ್ಕ ಅದಕ್ಕೆ ತಮ್ಮ ನೀರಿನ ಬಾಟಲಿ ನೇತುಹಾಕುತ್ತಾರೆ. ತುಳಸಿ ಗಿಡ ಸ್ವಲ್ಪ ಸೊರಗಿದೆ.